ಒಂಟಿನಳಿಗೆ

ಕೊಬ್ಬರಿ ಹರಾಜಿನ ದಿನ ಮಂಡಿಯ ಗಲ್ಲಾಪೆಟ್ಟಿಗೆ
ರಾತ್ರಿ ನನ್ನ ಮಂಚದ ಕೆಳಗೆ ಮಲಗುತ್ತದೆ.
ಅರಸೀಕೆರೆಯಲ್ಲಿ ಇದು ಗೊತ್ತಿಲ್ಲದವರು
ರೈಲಿನಲ್ಲಿ ಹಾದುಹೋಗುವವರು ಮಾತ್ರ.

ಹಿತ್ತಿಲ ಬಾಗಿಲ ಚಿಲಕ ಯಾರೋ ಅರ್ಧ ಕೊಯ್ದು ಬಿಟ್ಟುಹೋದ ಮೇಲೆ
ಅರ್ಜಿ ಹಾಕಿದೆ. ಹದಿನಾಲ್ಕು ತಿಂಗಳು.
ಪೊಲೀಸರು ಬಂದು ಕಾಫಿ ಕುಡಿದು
ಅಕ್ಕಪಕ್ಕ ವಿಚಾರಿಸಿದರು: ಈ ಹೆಂಗಸು ಜಗಳಗಂಟಿಯೇ?
'ಬಾಕಿ ವಸೂಲಿಗೆ ಮಾತ್ರ' ಅಂದರಂತೆ.

ಪರವಾನಗಿ ಬಂದ ವಾರವೇ ಹಾಸನದ ಬಸ್ಸು ಹತ್ತಿದೆ.
ಸೈಕಲ್ ಅಂಗಡಿ, ಚಪ್ಪಲಿ ಅಂಗಡಿ, ನಡುವೆ
ಕಬ್ಬಿಣದ ಜಾಲರಿಯ ಹಿಂದೆ ಅತಾವುಲ್ಲಾ ಸಾಹೇಬರು.
ಸೀರೆ ಅಂಗಡಿಯಲ್ಲಿ ಕೂರುವ ಹಾಗೆ ಕೂತು
'ತೋರಿಸಿ' ಅಂದೆ.

ಮೊದಲು ಜೋಡಿನಳಿಗೆ ಇಳಿಸಿದರು.
ತಕ್ಕಡಿ ಹಿಡಿದ ಕೈ ನನ್ನದು, ಎತ್ತಿದೊಡನೆ ಹೇಳಿತು:
ಮೂರು ಕಿಲೋ ಮುನ್ನೂರು.
ಆಮೇಲೆ ಕಾನ್ಪುರದ ಪಿಸ್ತೂಲು, ಮಖಮಲ್ಲಿನ ಡಬ್ಬಿಯಲ್ಲಿ,
ಮದುವೆ ಒಡವೆಯಂತೆ. ಬೆಲೆ ಕೇಳಿ
ಹತ್ತು ಕ್ವಿಂಟಾಲ್ ಉಂಡೆಕೊಬ್ಬರಿ ಕಣ್ಣಮುಂದೆ ಉರುಳಿತು.
ಆಮೇಲೆ ಹಿಂದೆಮುಂದೆ ಜಗ್ಗುವ ಕರಿಯದೊಂದು. ಚರಕ್, ಚರಕ್.
'ಈ ಸದ್ದಿಗೇ ಕಳ್ಳ ಓಡ್ತಾನೆ ಅಮ್ಮ.'
'ಸದ್ದಿಗೇ ಓಡೋದಾದ್ರೆ ನನ್ನ ಗಂಟಲಿದೆಯಲ್ಲ ಸಾಹೇಬರೇ.'

ಅವರು ನಕ್ಕು, ಕನ್ನಡಕ ಮೇಲೇರಿಸಿ,
ಬಿಲ್ಲಿನ ಹಿಂಬದಿಗೆ ನನ್ನ ಮನೆ ಬರೆಯತೊಡಗಿದರು.
ಮಂಚದಿಂದ ಹಿತ್ತಿಲ ಬಾಗಿಲಿಗೆ ಎಷ್ಟು ಹೆಜ್ಜೆ?
ಹನ್ನೊಂದು.
ದೀಪದ ಸ್ವಿಚ್ಚು?
ಬಾಗಿಲ ಪಕ್ಕ.
ಅಂದ್ರೆ ಬೆಳಕು ಕಳ್ಳನ ಕೈಲಿ. ಹೊತ್ತಲ್ಲದ ಹೊತ್ತಲ್ಲಿ ಬರೋರು ಯಾರು?
ತಮ್ಮ ನಾಗಭೂಷಣ, ಬೀರೂರಿಂದ,
ರೈಲು ತಡವಾದರೆ ಎರಡು ಗಂಟೆಗೆ,
ಕುಡಿದಿದ್ದರೆ ಹಿತ್ತಿಲಿಂದ.
ನಡುಗೋಡೆ?
ಅರ್ಧ ಇಟ್ಟಿಗೆ.
ಅದರಾಚೆ?

ಅದರಾಚೆ ರೈಲ್ವೆ ಪಾಯಿಂಟ್ಸ್‌ಮನ್ ಮನೆ.
ಶ್ರಾವಣದಲ್ಲಿ ಹೆತ್ತಳು ಅವನ ಹೆಂಡತಿ.
ತೊಟ್ಟಿಲ ಕೊಂಡಿ ಕಿರುಗುಟ್ಟುವುದು ನನಗೆ ಕೇಳುತ್ತದೆ,
ನನ್ನ ಗೊರಕೆ ಅವರಿಗೆ.
ಸಾಹೇಬರು ಗೋಡೆಯ ಗೆರೆಯಾಚೆ
ಒಂದು ಸಣ್ಣ ಸೊನ್ನೆ ಬರೆದರು.
ಬಹಳ ಹೊತ್ತು ಪೆನ್ಸಿಲ್ಲು ಅಲ್ಲೇ ಇತ್ತು.

ಒಂಟಿನಳಿಗೆಯನ್ನೇ ತಂದೆ. ಐದು ತೋಟಾ.
ಊರಿಗೆ ಬಂದವಳು ಮೊದಲು ಮಂಚ ತಿರುಗಿಸಿದೆ.
ವೈರಿಂಗಿನ ಹುಡುಗನ ಕರೆಸಿ ಸ್ವಿಚ್ಚನ್ನು ದಿಂಬಿನ ಬಳಿಗೆಳೆಸಿದೆ.
ಕೋವಿಗೊಂದು ಮೊಳೆ.

ಮೂರು ತಿಂಗಳಿಗೆ ಚುನಾವಣೆ ಬಂತು.
ಕೋವಿಗಳೆಲ್ಲ ಠಾಣೆಗೆ! ಹಳೇ ಪಂಚೆ, ಗೋಣಿತಾಟು ಸುತ್ತಿ
ಪೋಲಿಯೋ ಹನಿಗೆ ಕೂಸು ಎತ್ತಿಕೊಂಡು ಬಂದವರಂತೆ ಸಾಲು ನಿಂತೆವು.
'ಕಳ್ಳರಿಗೂ ನೀತಿಸಂಹಿತೆ ಇದೆಯಾ ಸ್ವಾಮಿ?' ಅಂದೆ.
ಪೇದೆ ನಗಲಿಲ್ಲ. ರಸೀದಿ ಹರಿದುಕೊಟ್ಟ.

ಒಂದು ರಾತ್ರಿ, ಗೂಡ್ಸು ಹೋದ ಮೇಲಿನ ನಿಶ್ಶಬ್ದದಲ್ಲಿ,
ಹಿತ್ತಿಲಲ್ಲಿ ತಗಡಿನ ಡಬ್ಬ ಉರುಳಿತು.
ಕೈ ತಾನಾಗಿ ಗೋಡೆಗೆ ಹೋಯಿತು:
ಬರೀ ಮೊಳೆ.
ಸ್ವಿಚ್ಚು ಒತ್ತಿದೆ. ಕರೆಂಟಿಲ್ಲ.
ದಿಂಬಿನಡಿಯ ರಸೀದಿಯನ್ನೇ ಮುಷ್ಟಿಯಲ್ಲಿ ಹಿಡಿದು ಎದ್ದುಕೂತು
ಕೂಗಿದೆ, 'ಯಾವನೋ ಅವ್ನು!'
ಗೋಡೆಯಾಚೆ ಕೂಸು ಬೆಚ್ಚಿ ಅತ್ತಿತು,
ಪಾಯಿಂಟ್ಸ್‌ಮನ್ ಕೈದೀಪ ಹಿಡಿದು ಹೊರಬಂದ,
ಸ್ಟೇಷನ್ ತನಕ ನಾಯಿಗಳು ಸುದ್ದಿ ಮುಟ್ಟಿಸಿದವು.
ಕತ್ತಲು ಬಿಕ್ಕಳಿಸಿತು:
'ನಾನೇ ಕಣಕ್ಕ. ಚಪ್ಪಲಿ ಕಳ್ದೋಯ್ತು.'

ಎಣಿಕೆ ಮುಗಿದ ವಾರಕ್ಕೆ ಬಿಡಿಸಿ ತಂದೆ.
ಎಣ್ಣೆ ಸವರಿದೆ, ಕೊಬ್ಬರಿಯದಲ್ಲ, ಸಾಹೇಬರು ಕೊಟ್ಟದ್ದು.
ತೋಟಾಗಳನ್ನು ಗಲ್ಲಾಪೆಟ್ಟಿಗೆಯೊಳಗಿಟ್ಟು
ಬೀಗದಕೈ ಸೊಂಟಕ್ಕೆ ಸಿಕ್ಕಿಸಿದೆ.
ಆ ರಾತ್ರಿ ಮೊಳೆ ಖಾಲಿಯಿತ್ತೆಂದು
ನಾಗಭೂಷಣನಿಗೆ ಹೇಳಿಲ್ಲ.

ಈಗ ಎಷ್ಟು ಕುಡಿದಿದ್ದರೂ ಬೀದಿಬಾಗಿಲಿಗೇ ಬರುತ್ತಾನೆ,
ಹತ್ತು ಮನೆ ಆಚೆಯಿಂದಲೇ ಕೂಗುತ್ತ:
ಅಕ್ಕಾ, ನಾನು. ನಾನು ಕಣೇ. ನಾನು.